ಹದಿಮೂರರ ಮಗ್ಗಿ, ತಮ್ಮನ ಕಪಾಳ

ಮೊನ್ನೆ ಮೊಮ್ಮಗಳಿಗೆ ಕಿವಿನೋವು ಬಂದಿತ್ತು. ಅವಳ ತಾಯಿ ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನಾನು ಸೌಟಿನಲ್ಲಿ ಒಂದಿಷ್ಟು ಶೇಂಗಾ ಎಣ್ಣೆ ಹಾಕಿ, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ, ಒಲೆಯ ಮೇಲೆ ಹಿಡಿದುಕೊಂಡು ನಿಂತಿದ್ದೆ. ಮಗಳು ಬಂದವಳೇ ಸೌಟು ಕಸಿದುಕೊಂಡಳು. ಕಿವಿಗೆ ಎಣ್ಣೆ ಬಿಡಬಾರದೆಂದು ಈಗಿನ ಡಾಕ್ಟರು ಹೇಳುತ್ತಾರಂತೆ. ಆ ಎಣ್ಣೆ ಕೊನೆಗೆ ಚಟ್ನಿಪುಡಿಯ ಮೇಲೆ ಬಿತ್ತು, ಎಲ್ಲರೂ ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ಬೆಳ್ಳುಳ್ಳಿ ಕೆಂಪಗಾಗುವಾಗ ಎದ್ದ ಘಾಟು ಮಾತ್ರ ಸಂಜೆಯವರೆಗೂ ನನ್ನ ಸೆರಗಿನಲ್ಲೇ ಇತ್ತು.

ಮೊಮ್ಮಗ ಸುಮ್ಮನಿರುವವನಲ್ಲ. ಈ ಎಣ್ಣೆಯನ್ನು ಮೊದಲು ಯಾರ ಕಿವಿಗೆ ಹಾಕಿದ್ದೆ ಎಂದು ಕೇಳಿದ. ನನ್ನ ತಮ್ಮ ಹುಸೇನಪ್ಪನ ಕಿವಿಗೆ, ನಮ್ಮವ್ವ ಹಾಕಿದ್ದು ಎಂದೆ. ಅವರ ಕಿವಿಗೆ ಏನಾಗಿತ್ತು ಎಂದ. ಸಾಲ್ಯಾಗ ಯಾರೋ ಹೊಡೆದಿದ್ದರು ಎಂದು ಹೇಳಿ ಒಳಗೆ ಹೋಗಿಬಿಟ್ಟೆ.

ಮಕ್ಕಳೇ, ಆ ಮಾತು ಅಂದಿನಿಂದ ನನ್ನನ್ನು ಚುಚ್ಚುತ್ತಿದೆ. ಬಾಯಿಂದ ಹೇಳುವುದು ನನಗೆ ಆಗದ ಕೆಲಸ, ನಿಮಗೇ ಗೊತ್ತು. ನಿಮ್ಮ ಅಜ್ಜ ಇದ್ದಾಗ ಮನೆಗೆ ಬಂದವರಿಗೆ ನೀರು ಕೊಟ್ಟು ಒಳಗೆ ಹೋದರೆ, ಅವರು ಎದ್ದು ಹೋಗುವವರೆಗೆ ನಾನು ಹೊರಗೆ ಬರುತ್ತಿರಲಿಲ್ಲ. ಒಮ್ಮೆ ಲಿಂಗಸೂಗೂರಿನ ನೆಂಟರೊಬ್ಬರು ಎರಡು ದಿನ ಉಳಿದುಬಿಟ್ಟರು. ಎರಡು ದಿನವೂ ನಾನು ಹಿತ್ತಲ ಬಾಗಿಲಿನಿಂದಲೇ ಓಡಾಡಿದೆ. ಅಂಥವಳು ಈಗ ನಿಮ್ಮ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ, ಅದೊಂದು ಅನುಕೂಲ.

ನಮ್ಮ ಊರು ಮಸ್ಕಿಯಿಂದ ಸಿಂಧನೂರಿಗೆ ಬರುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಳಗೆ. ಕಾಲುವೆಯ ಮೇಲೆ ಜೋಳ, ಕಾಲುವೆಯ ಕೆಳಗೆ ಭತ್ತ. ನಮ್ಮ ಹೊಲ ಕಾಲುವೆಯ ಮೇಲಿತ್ತು, ಅವ್ವ ಕೂಲಿಗೆ ಹೋಗುತ್ತಿದ್ದ ಗದ್ದೆಗಳು ಕೆಳಗಿದ್ದವು. ಮೊಹರಂ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದರಿಂದ ತಮ್ಮನಿಗೆ ಹುಸೇನಪ್ಪ ಎಂದು ಹೆಸರಿಟ್ಟರು. ನಾನು ಅವನಿಗಿಂತ ಎರಡು ವರ್ಷ ದೊಡ್ಡವಳು. ಆದರೆ ಅವನನ್ನು ಎತ್ತಿಕೊಂಡು ತಿರುಗುವುದೇ ನನ್ನ ಮೊದಲ ನೌಕರಿಯಾದ್ದರಿಂದ ನಾನು ಶಾಲೆಗೆ ಸೇರಿದ್ದು ಅವನ ಜೊತೆಗೇ. ಸೇರಿಸುವಾಗ ಮಾಸ್ತರು ಹುಟ್ಟಿದ ದಿನ ಕೇಳಿದರು. ಅಪ್ಪನಿಗೆ ಇಬ್ಬರದೂ ಗೊತ್ತಿರಲಿಲ್ಲ. ಇಬ್ಬರಿಗೂ ಜೂನ್ ಒಂದು ಎಂದು ಬರೆದುಬಿಟ್ಟರು, ವರ್ಷವೂ ಒಂದೇ. ಹೀಗೆ ಸರ್ಕಾರದ ಕಾಗದದ ಮೇಲೆ ನಾವಿಬ್ಬರೂ ಇಂದಿಗೂ ಅವಳಿ ಮಕ್ಕಳು.

ಕಾಗದ ಬಿಟ್ಟರೂ ನಾವು ಹೆಚ್ಚುಕಡಿಮೆ ಹಾಗೆಯೇ ಇದ್ದೆವು. ಮಾತೆಲ್ಲ ಅವನದು, ಲೆಕ್ಕವೆಲ್ಲ ನನ್ನದು. ಹಾಜರಿ ಕರೆದಾಗ ನನ್ನ ದನಿ ಮಾಸ್ತರಿಗೆ ಮುಟ್ಟುತ್ತಿರಲಿಲ್ಲ. ಅವನು ತನ್ನ ಹೆಸರಿಗೊಮ್ಮೆ, ನನ್ನ ಹೆಸರಿಗೊಮ್ಮೆ ಹಾಜರ್ ಎಂದು ಕೂಗುತ್ತಿದ್ದ. ಸಂಜೆ ಅವನ ಪಾಟಿಯ ಮೇಲಿನ ಭಾಗಾಕಾರವನ್ನು ನಾನು ಮಾಡಿಕೊಡುತ್ತಿದ್ದೆ. ಇದರಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಇಬ್ಬರೂ ಯೋಚಿಸಿದವರಲ್ಲ.

ಈಗ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನೀವು ಅದನ್ನು ನೋಡಿಲ್ಲ, ನೋಡುವುದೂ ಬೇಡ. ಆರನೇ ತರಗತಿಯಲ್ಲಿ ನಮ್ಮ ಮಾಸ್ತರು ಮಗ್ಗಿಯ ಪ್ರಶ್ನೆ ಕೇಳುವರು. ಸಾಲಿನ ಈ ತುದಿಯಿಂದ ಶುರು. ಗೊತ್ತಿಲ್ಲದವರು ನಿಲ್ಲಬೇಕು. ಯಾರು ಸರಿಯಾದ ಉತ್ತರ ಹೇಳುವರೋ ಅವರು, ನಿಂತವರೆಲ್ಲರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕಪಾಳಕ್ಕೆ ಹೊಡೆಯಬೇಕು. ಆ ಕಾಲದಲ್ಲಿ ಬಹಳ ಶಾಲೆಗಳಲ್ಲಿ ಹೀಗಿತ್ತು. ಮಾಸ್ತರು ಕೆಟ್ಟವರಲ್ಲ. ಜೊತೆಯವರ ಕೈಯಲ್ಲಿ ಹೊಡೆಸಿದರೆ ನಾಚಿಕೆಯಾಗಿ ಓದುತ್ತಾರೆ ಎಂದು ನಂಬಿದ್ದರು. ತಮ್ಮ ಕೈಗೂ ಶ್ರಮವಿಲ್ಲ.

ಹೊಡೆಯುವ ಕೆಲಸ ದಿನವೂ ವೀರೇಶನಿಗೇ ಸಿಗುತ್ತಿತ್ತು. ಅವನ ಅಪ್ಪನದು ಊರಿನ ದೊಡ್ಡ ಕಿರಾಣಿ ಅಂಗಡಿ, ಮಾಸ್ತರು ಇದ್ದದ್ದು ಅವರ ಮನೆಯ ಪಡಸಾಲೆಯಲ್ಲೇ. ಹಾಗಾಗಿ ಅವನಿಗೆ ಮಗ್ಗಿ ಬಾಯಿಪಾಠ. ಅದು ಅವನ ತಪ್ಪಲ್ಲ. ಆದರೆ ಅವನು ಆ ಕೆಲಸವನ್ನು ಬಹಳ ಪ್ರೀತಿಯಿಂದ ಮಾಡುತ್ತಿದ್ದ. ಮೂಗು ಹಿಡಿಯುವಾಗ ಉಗುರು ಊರುತ್ತಿದ್ದ. ಹೊಡೆಯುವ ಮೊದಲು ಕೈಯನ್ನು ಒಮ್ಮೆ ಚಡ್ಡಿಗೆ ಒರೆಸಿಕೊಳ್ಳುತ್ತಿದ್ದ. ಹುಸೇನಪ್ಪ ಶಾಲೆಯ ಹೊರಗೆ ಅವನ ನಡಿಗೆಯನ್ನು ಅಣಕಿಸುತ್ತಿದ್ದನಾದ್ದರಿಂದ ಹುಸೇನಪ್ಪನಿಗೆ ಒಂದು ಹೆಚ್ಚಿಗೆ ಬೀಳುತ್ತಿತ್ತು.

ನನಗೂ ಬೀಳುತ್ತಿತ್ತು. ಉತ್ತರ ಗೊತ್ತಿದ್ದರೂ ನಾನು ನಿಲ್ಲುತ್ತಿದ್ದೆ. ಹೇಳಿದರೆ ಎದ್ದು ಎಲ್ಲರ ಮುಂದೆ ನಡೆದು, ಹುಡುಗರ ಮೂಗು ಹಿಡಿಯಬೇಕಲ್ಲ. ಅದಕ್ಕಿಂತ ಒಂದು ಏಟು ತಿಂದು ಕೂಡುವುದು ಸುಲಭ ಎನಿಸುತ್ತಿತ್ತು. ಇದನ್ನು ಒಳ್ಳೆಯತನ ಎಂದುಕೊಳ್ಳಬೇಡಿ. ಬರೀ ಸಂಕೋಚ.

ಒಂದು ದಿನ ವೀರೇಶ ಬಂದಿರಲಿಲ್ಲ. ಅವರ ಮನೆಯವರೆಲ್ಲ ಮಸ್ಕಿಗೆ ಮದುವೆಗೆ ಹೋಗಿದ್ದರು. ಮಾಸ್ತರು ಹದಿಮೂರು ಎಂಟ್ಲೆ ಎಷ್ಟು ಎಂದರು. ಒಬ್ಬೊಬ್ಬರೇ ನಿಲ್ಲುತ್ತ ಬಂದರು, ಹುಸೇನಪ್ಪನೂ ನಿಂತ. ಪ್ರಶ್ನೆ ನನ್ನವರೆಗೆ ಬಂದಾಗ ಇಡೀ ಕೋಣೆ ನಿಂತಿತ್ತು, ಕೂತವಳು ನಾನೊಬ್ಬಳೇ. ಮಾಸ್ತರು ಕನ್ನಡಕ ತೆಗೆದು ನನ್ನನ್ನೇ ನೋಡಿದರು, ನನ್ನಿಂದ ಏನೋ ಬರಬಹುದು ಎಂಬ ಹಾಗೆ. ಅಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ನೂರಾ ನಾಲ್ಕು ಎಂದುಬಿಟ್ಟೆ.

ಗೊತ್ತಿದೆ ಎಂದು ತೋರಿಸಿಕೊಳ್ಳುವ ಆಸೆ ನನ್ನೊಳಗೂ ಇತ್ತು, ಅಷ್ಟೇ.

ಎದ್ದು ಹೊರಟೆ. ಮೊದಲ ನಾಲ್ಕೈದು ಮಂದಿಗೆ ಮೆಲ್ಲಗೆ ಕೈ ಮುಟ್ಟಿಸಿದೆ. ಅವರು ನಕ್ಕರು. ಮಾಸ್ತರು ನನ್ನನ್ನು ನಿಲ್ಲಿಸಿ, ಇದೇನು ಹೊಡೆಯುವುದೋ ನೊಣ ಓಡಿಸುವುದೋ ಎಂದು ಕೇಳಿದರು. ಹೊಡೆಯುವುದು ಹೇಗೆ ಎಂದು ನನ್ನ ಕಪಾಳದ ಮೇಲೆಯೇ ತೋರಿಸಿಕೊಟ್ಟರು. ಕಣ್ಣು ಕತ್ತಲೆಯಾಯಿತು. ಎಲ್ಲರೂ ನೋಡುತ್ತಿದ್ದರು. ಮುಂದೆ ನಿಂತಿದ್ದವನು ನನ್ನ ತಮ್ಮ. ಅವನು ನನ್ನನ್ನು ನಗಿಸಲು ಮೆಳ್ಳಗಣ್ಣು ಮಾಡಿಕೊಂಡು ನಿಂತಿದ್ದ.

ನಾನು ಹೊಡೆದೆ. ನಾಚಿಕೆ, ಸಿಟ್ಟು, ಉರಿ ಎಲ್ಲ ಕೈಗೆ ಇಳಿದಿತ್ತು. ಏಟು ಕಪಾಳ ದಾಟಿ ಕಿವಿಯ ಮೇಲೆ ಬಿತ್ತು. ಮಾಸ್ತರು ಶಾಬಾಷ್ ಎಂದರು. ಹುಸೇನಪ್ಪ ಕಿವಿ ಮುಚ್ಚಿಕೊಂಡು ಕೂತವನು ಏಳಲಿಲ್ಲ.

ಆ ಸಂಜೆ ಅವನ ಕಿವಿಯಿಂದ ನೀರು ಸೋರಿತು. ಅವ್ವ ಬೆಳ್ಳುಳ್ಳಿ ಎಣ್ಣೆ ಕಾಸಿ ಹಾಕುತ್ತ ಯಾರು ಹೊಡೆದರೆಂದು ಕೇಳಿದಳು. ನಾನು ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದೆ, ಕೈ ನಿಂತುಹೋಯಿತು. ಅವನು ಕಾಲುವೆ ದಂಡೆಯಿಂದ ಬಿದ್ದೆ ಎಂದ. ನನ್ನ ಕಡೆ ನೋಡದೆ ಹೇಳಿದ. ಅಲ್ಲಿಂದ ನನ್ನ ಜೊತೆ ಮಾತು ಬಿಟ್ಟ. ಇಡೀ ದಿನ ಬಾಯಿ ಮುಚ್ಚದ ಹುಡುಗ ಒಬ್ಬರ ಜೊತೆ ಮಾತ್ರ ಮಾತು ಬಿಟ್ಟರೆ ಹೇಗಿರುತ್ತದೆ ಗೊತ್ತೇ? ಅವ್ವನ ಜೊತೆ, ಎತ್ತಿನ ಜೊತೆ, ಪಕ್ಕದ ಮನೆಯ ಕೋಳಿಯ ಜೊತೆಯೂ ಮಾತಾಡಿದ. ನಾನು ನೀರು ಕೊಟ್ಟರೆ ಲೋಟ ಮುಟ್ಟಲಿಲ್ಲ.

ಎರಡನೆಯ ದಿನ, ಇನ್ನು ಶಾಲೆಗೆ ಹೋಗುವುದಿಲ್ಲ ಎಂದ. ಅಪ್ಪ ಬೇಡವಾದರೆ ಬಿಡು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವ ಹೋಗಲಿಲ್ಲಂದ್ರ ನೀ ಒಬ್ಬಾಕಿ ಹೆಂಗ ಹೋಗ್ತಿ? ನೀನೂ ಅವ್ವನ ಜೋಡಿ ಗದ್ದಿಗೆ ನಡಿ" ಎಂದರು. ಶಾಲೆ ಊರ ಹೊರಗೆ, ಕಾಲುವೆ ದಾಟಿ ಇತ್ತು. ಹುಡುಗಿ ಶಾಲೆಗೆ ಹೋಗುವುದು ತಮ್ಮನ ಜೊತೆಗೆ ಎಂಬುದು ಮನೆಯ ಒಪ್ಪಂದ. ನನ್ನ ಒಂದು ಏಟಿಗೆ ತಮ್ಮನೂ ಹೋದ, ಶಾಲೆಯೂ ಹೋಯಿತು.

ಅವ್ವನ ಗುಂಪಿನ ಜೊತೆ ನಾಟಿಗೆ ಹೋದೆ. ಆಗ ನಾಟಿಯ ಹಂಗಾಮು, ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪುಗಳ ಗದ್ದೆಯಲ್ಲೆಲ್ಲ ಹೆಂಗಸರೇ. ಕೆಲವು ದಿನ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಕಡೆಗೂ ಹೋಗುತ್ತಿದ್ದೆವು. ಅಲ್ಲಿಯ ಬಂಗಾಲಿ ಹೆಂಗಸರಿಗೆ ನಮ್ಮ ಮಾತು ಬಾರದು, ನಮಗೆ ಅವರದು ಬಾರದು. ಆದರೂ ಅವ್ವ ಅವರ ಹತ್ತಿರ ಎಲ್ಲ ಮಕ್ಕಳ ಹೆಸರು ಕೇಳಿ ಬಂದಿದ್ದಳು. ಮಾತು ಬಾರದೆಯೂ ಇಷ್ಟು ಮಾತಾಡುವ ತಾಯಿಗೆ ನಾನು ಹೇಗೆ ಹುಟ್ಟಿದೆನೋ.

ನಾಟಿ ಹಚ್ಚುವವರು ಸಾಲಾಗಿ ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ಹೋಗುತ್ತಾರೆ. ಒಂದು ದಿನ ಗುಂಪಿಗೆ ಹೊಸಬಳೊಬ್ಬಳು ಬಂದಿದ್ದಳು. ಕೈ ಬಹಳ ಚುರುಕು, ಎಲ್ಲರನ್ನೂ ಬಿಟ್ಟು ಒಬ್ಬಳೇ ಹೋಗಿಬಿಡುತ್ತಿದ್ದಳು. ಬದುವಿನ ಮೇಲೆ ನಿಂತ ಗದ್ದೆಯ ಯಜಮಾನ ಅವಳನ್ನು ತೋರಿಸಿ ಉಳಿದವರನ್ನೆಲ್ಲ ಬೈಯತೊಡಗಿದ. ಅವನು ಆಚೆ ಹೋದ ಮೇಲೆ ಅವ್ವ ಬೆನ್ನು ನೆಟ್ಟಗೆ ಮಾಡಿ ಆಕೆಗೆ ಹೇಳಿದಳು: "ತಂಗಿ, ನಿನ್ನ ಕೈ ಚುರುಕ ಐತಿ, ನಮಗ ಗೊತ್ತಾತು. ನೀ ಒಬ್ಬಾಕಿ ಓಡಿದ್ರ ನಮ್ಮ ಬೆನ್ನಿಗೆ ಬೈಗುಳ. ಸಾಲಿನಾಗ ನಿಂತು ಹಚ್ಚು. ಯಾರೂ ಮುಂದ ಇಲ್ಲಂದ್ರ ಯಾರೂ ಹಿಂದ ಇಲ್ಲ." ಆಕೆ ನಕ್ಕು ಸಾಲಿಗೆ ಬಂದಳು. ಆಮೇಲೆ ಸಂಜೆಯವರೆಗೆ ಯಜಮಾನನಿಗೆ ಬೈಯಲು ಯಾರೂ ಸಿಗಲಿಲ್ಲ.

ನಾನು ಸಸಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಿಂತುಬಿಟ್ಟೆ. ನಮ್ಮ ತರಗತಿಯ ಮೂವತ್ತೆರಡು ಮಂದಿಯಲ್ಲಿ ಮೂವತ್ತೊಂದು ಮಂದಿಯೂ ಗೊತ್ತಿಲ್ಲ ಎಂದರೆ, ಗೊತ್ತಿದೆ ಎನ್ನುವ ಒಬ್ಬನು ಪ್ರತಿ ಪ್ರಶ್ನೆಗೆ ಮೂವತ್ತೊಂದು ಕಪಾಳಕ್ಕೆ ಹೊಡೆಯಬೇಕು. ದಿನಕ್ಕೆ ಆರು ಪ್ರಶ್ನೆ. ಕೈ ಅವನದೂ ಚರ್ಮದ್ದೇ ಅಲ್ಲವೇ?

ಆ ಸಂಜೆ ಹುಸೇನಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದ. ಹತ್ತಿರ ಹೋಗಿ ಈ ಲೆಕ್ಕ ಹೇಳಿದೆ. ಅವನು ಎತ್ತಿನ ಕಡೆಗೇ ನೋಡುತ್ತಿದ್ದ. ಕೊನೆಯಲ್ಲಿ, ತಪ್ಪಾಯಿತು ಎಂದು ಸೇರಿಸಿದೆ. ಲೆಕ್ಕದ ಹಾಗೆ ಅದು ಸುಲಭವಾಗಿ ಬರಲಿಲ್ಲ. ಎತ್ತು ಕುಡಿದು ತಲೆಯೆತ್ತಿದ ಮೇಲೆ ಅವನು ಬಾಯಿ ಬಿಟ್ಟ.

"ನನಗ ಹದಿಮೂರರ ಮಗ್ಗಿ ಕಲಿಸು."

ಯಾಕೆ, ಹೇಗೂ ಗೊತ್ತಿಲ್ಲ ಅನ್ನುವುದೇ ತಾನೆ ಎಂದೆ.

"ಲೇ ಅಕ್ಕಾ, ಬರಲಾರದಾಂವ ಗೊತ್ತಿಲ್ಲ ಅಂದ್ರ ಅದರಾಗ ಏನೈತಿ? ದಿನಾ ಅದನ್ನ ಅಂತೀನಲ್ಲ. ಬರೋಬ್ಬರಿ ಕಲ್ತು, ಆಮ್ಯಾಲ ಗೊತ್ತಿಲ್ಲ ಅನ್ನಬೇಕು. ಆಗ ಖರೇ."

ಎಷ್ಟು ದಿನ ಗಿಣಿಪಾಠ ಮಾಡಿಸಿದರೂ ಆರರ ಮಗ್ಗಿ ದಾಟದವನು ನಾಲ್ಕು ದಿನದಲ್ಲಿ ಹದಿಮೂರನ್ನು ನುಂಗಿಬಿಟ್ಟ. ಬದುವಿನ ಮೇಲೆ ಕೂತು ಕೂಗುವುದು, ನಾನು ಕೆಸರಿನಿಂದ ತಪ್ಪು ತಿದ್ದುವುದು. ನಾಟಿಯ ಹೆಂಗಸರಿಗೂ ಹದಿಮೂರು ಎಂಟ್ಲೆ ನೂರಾ ನಾಲ್ಕು ಬಾಯಿಗೆ ಬಂತು. ಶಾಲೆಗೆ ಹೋಗುತ್ತೇನೆ ಎಂದು ಅವನು ಹೇಳಿದಾಗ ಅಪ್ಪ, ಜ್ವರಗಿರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದರು. ಅವನ ಬೆನ್ನಿಗೆ ನಾನೂ ಮತ್ತೆ ಶಾಲೆಗೆ ಹೊರಟೆ.

ಯೋಚನೆ ನನ್ನದಾದರೂ ಮೂವತ್ತು ಮಂದಿಗೆ ಹೇಳುವುದು ನನ್ನಿಂದ ಆಗುವುದಿಲ್ಲವಲ್ಲ. ಹುಡುಗರ ಕಡೆ ಹುಸೇನಪ್ಪ ನೋಡಿಕೊಂಡ. ಹುಡುಗಿಯರ ಕಡೆ ದುರುಗಮ್ಮನಿಗೆ ಹೇಳಿದೆ. ಅವಳು ತರಗತಿಯಲ್ಲೇ ಎತ್ತರದವಳು, ಬೋರಿಂಗ್ ಪಂಪಿನ ಹಿಡಿ ಅವಳಿಗೊಬ್ಬಳಿಗೇ ಸಲೀಸಾಗಿ ಬಗ್ಗುತ್ತಿತ್ತು. ನೀರಿಗೆ ಬಂದವರಿಗೆಲ್ಲ ಮಾತು ಕೊಟ್ಟ ಮೇಲೆಯೇ ನೀರು ಎಂದಳು. ಬಿಸಿಲಿನಲ್ಲಿ ಇದಕ್ಕಿಂತ ದೊಡ್ಡ ಆಣೆ ಯಾವುದಿದೆ? ಅದರ ಮೇಲೆ ಹುಸೇನಪ್ಪ ತನ್ನದೊಂದು ಉಪಾಯ ಸೇರಿಸಿದ. ಎಲ್ಲರೂ ಮುಖಕ್ಕೆ ದಪ್ಪಗೆ ಕುಸುಬಿ ಎಣ್ಣೆ ಹಚ್ಚಿಕೊಂಡು ಬರಬೇಕು.

ಮೊದಲ ದಿನ ವೀರೇಶ ಹಬ್ಬದ ಹಾಗೆ ಶುರುಮಾಡಿದ. ಇಡೀ ಕೋಣೆ ನಿಂತಿತ್ತು. ಆದರೆ ಮೂಗು ಕೈಗೆ ಸಿಗುತ್ತಿಲ್ಲ. ಹಿಡಿದರೆ ಜಾರುತ್ತದೆ, ಕೈ ಒರೆಸಿಕೊಳ್ಳುತ್ತಾನೆ, ಮತ್ತೆ ಹಿಡಿಯುತ್ತಾನೆ. ಏಟು ಮಾತ್ರ ಬಿದ್ದವು, ಸುಳ್ಳು ಹೇಳಬಾರದು. ಎರಡನೆಯ ಪ್ರಶ್ನೆಗೆ ಚಿಕ್ಕ ಹುಡುಗಿಯೊಬ್ಬಳು ಅಳತೊಡಗಿದಳು, ಉತ್ತರ ಅವಳ ತುಟಿಯವರೆಗೆ ಬಂದಿತ್ತು. ದುರುಗಮ್ಮ ಅವಳ ಕೈ ಹಿಡಿದುಕೊಂಡಳು. ಒಬ್ಬರು ಹೇಳಿದರೂ ಎಲ್ಲ ಮುಗಿಯುತ್ತಿತ್ತು. ಯಾರೂ ಹೇಳಲಿಲ್ಲ. ನಾಲ್ಕನೆಯ ಪ್ರಶ್ನೆಗೆ ವೀರೇಶನ ಏಟಿನಲ್ಲಿ ದಮ್ಮು ಇರಲಿಲ್ಲ. ಎರಡನೆಯ ದಿನ ಬರುವಾಗಲೇ ಅವನ ಅಂಗೈ ಬಾತಿತ್ತು. ಎಡಗೈಯಲ್ಲಿ ಹೊಡೆಯಲು ಹೋದ, ಗುರಿ ತಪ್ಪಿ ತನ್ನ ಬಲಗೈಗೇ ಹೊಡೆದುಕೊಂಡ. ಹುಸೇನಪ್ಪ ತನ್ನ ಸರದಿ ಬಂದಾಗ ಬಹಳ ಮರ್ಯಾದೆಯಿಂದ ಇನ್ನೊಂದು ಕಪಾಳವನ್ನೂ ತಿರುಗಿಸಿ, "ಇದೊಂದು ಉಳದೈತಿ ನೋಡಪಾ, ದಣದಿದ್ರ ಕುಂತು ಹೊಡಿ" ಎಂದ.

ಮೂರನೆಯ ದಿನ ಮಾಸ್ತರು ಕೇಳಿದ ಮೊದಲ ಪ್ರಶ್ನೆಗೆ ವೀರೇಶ ಎದ್ದು, ಬಾತ ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು, ಗೊತ್ತಿಲ್ಲ ಎಂದ.

ಮೂವತ್ತೆರಡು ಮಂದಿ ನಿಂತಿದ್ದೆವು. ಮಾಸ್ತರು ಬೆತ್ತ ತೆಗೆದುಕೊಂಡು ಸಾಲಿನ ಗುಂಟ ನಡೆದು ಬಂದು ನನ್ನ ಮುಂದೆ ನಿಂತರು. ಎಲ್ಲರಿಗಿಂತ ಬೇಗ ಮುರಿಯುವವಳು ನಾನೇ ಎಂದು ಅವರಿಗೆ ಅನಿಸಿರಬೇಕು. ಹದಿಮೂರು ಎಂಟ್ಲೆ ಎಷ್ಟು ಎಂದರು. ಅದೇ ಪ್ರಶ್ನೆ. ನಾನು ಉತ್ತರ ಹೇಳಿದ್ದನ್ನು ಅವರೇ ಕೇಳಿದ್ದರು. ಗೊತ್ತಿಲ್ಲ ಎಂದರೆ ಅದು ಬರೀ ಸುಳ್ಳು. ಸಾಲಿನ ಆ ಕಡೆಯಿಂದ ಹುಸೇನಪ್ಪ ನೋಡುತ್ತಿದ್ದ. ಈ ಸಲ ನನ್ನ ಬದಲು ಅವನು ಹಾಜರ್ ಎನ್ನುವಂತಿರಲಿಲ್ಲ.

"ಗೊತ್ತೈತ್ರಿ," ಎಂದೆ. ನನ್ನ ದನಿ ನನಗೇ ಬೇರೆಯವರದು ಎನಿಸಿತು. "ಹೇಳಿದ್ರ ಹೊಡೀಬೇಕಾಗ್ತೈತಿ. ಅದಕ್ಕ ಹೇಳಂಗಿಲ್ರಿ."

ಮಾಸ್ತರು ಬೆತ್ತ ಎತ್ತಿದರು. ನಾನು ಕೈ ಚಾಚಿದೆ. ಅವರು ನನ್ನ ಕೈ ನೋಡಿದರು, ಆಮೇಲೆ ಸಾಲಿನ ಉದ್ದಕ್ಕೂ ನೋಡಿದರು. ನನಗೆ ಹೊಡೆದರೆ ಉಳಿದ ಮೂವತ್ತೊಂದು ಮಂದಿಗೂ ಹೊಡೆಯಬೇಕು. ಮಾಸ್ತರಿಗೂ ಲೆಕ್ಕ ಬರುತ್ತಿತ್ತು. ಬೆತ್ತವನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡರು.

"ಹೊಡಿಯೂದು ಬ್ಯಾಡ ಬಿಡ್ರಿ," ಎಂದರು. "ಬರೇ ಹೇಳ್ರಿ. ಯಾರಿಗೆ ಬರತೈತಿ?"

ನಾನು ಬಾಯಿ ತೆರೆಯುವ ಮೊದಲೇ ಹುಸೇನಪ್ಪ ಶುರುಮಾಡಿಬಿಟ್ಟಿದ್ದ. ಹದಿಮೂರು ಒಂದ್ಲೆಯಿಂದ ಹಿಡಿದು, ಕಣ್ಣು ಮುಚ್ಚಿ, ಕೊರಳ ನರ ಉಬ್ಬಿಸಿ, ಪಕ್ಕದ ಕೋಣೆಯ ಪಾಠ ನಿಲ್ಲುವ ಹಾಗೆ. ಐದನೆಯ ಸಾಲಿಗೆ ದುರುಗಮ್ಮ ಕೂಡಿದಳು, ಆರನೆಯದಕ್ಕೆ ಹಿಂದಿನ ಸಾಲು. ಎಂಟ್ಲೆ ಬಂದಾಗ ನೂರಾ ನಾಲ್ಕು ಎಂದು ಇಡೀ ಕೋಣೆ ಕೂಗಿತು. ವೀರೇಶನೂ ಕೂಗಿದ. ಅಷ್ಟು ಮಂದಿಗೆ ಆ ಮಗ್ಗಿ ಬರುತ್ತಿತ್ತೆಂದು ನನಗೂ ಗೊತ್ತಿರಲಿಲ್ಲ. ಬರುತ್ತಿದ್ದವರೂ ಎಷ್ಟೋ ದಿನದಿಂದ ಸುಮ್ಮನೆ ಏಟು ತಿನ್ನುತ್ತಿದ್ದರು, ನನ್ನ ಹಾಗೆ.

ಅಂದಿನಿಂದ ಮಾಸ್ತರು ದೇವರಾದರು ಎಂದು ಬರೆದರೆ ನೀವು ನಂಬಬಾರದು. ಬೆತ್ತ ಮುಂದೆಯೂ ಆಗೊಮ್ಮೆ ಈಗೊಮ್ಮೆ ಆಡುತ್ತಿತ್ತು. ಆದರೆ ಒಬ್ಬರ ಮೂಗು ಇನ್ನೊಬ್ಬರು ಹಿಡಿಯುವುದು ನಮ್ಮ ಶಾಲೆಯಲ್ಲಿ ಆ ದಿನಕ್ಕೆ ಮುಗಿಯಿತು. ಮುಂದಿನ ವರ್ಷ ಏಳನೆಯ ತರಗತಿಯ ಪರೀಕ್ಷೆಗೆ ಎತ್ತಿನ ಬಂಡಿಯಲ್ಲಿ ಮಸ್ಕಿಗೆ ಹೋದೆವು. ಲೆಕ್ಕದಲ್ಲಿ ನನಗಿಂತ ಅವನಿಗೆ ಎರಡು ಅಂಕ ಹೆಚ್ಚು ಬಂತು. ಆ ಎರಡು ಅಂಕದ ಸುದ್ದಿಯನ್ನು ಅವನು ಇಂದಿಗೂ ಎತ್ತುತ್ತಾನೆ. ಅವನು ಹೈಸ್ಕೂಲಿಗೆ ಹೋದ, ನಾನು ಮನೆಯಲ್ಲಿ ಉಳಿದೆ. ಆದರೆ ಶನಿವಾರ ಸಂಜೆ ಬಸ್ಸಿಳಿದು ಬಂದವನು ಆ ವಾರದ ಪಾಠವನ್ನೆಲ್ಲ ನನಗೆ ಒಪ್ಪಿಸಿಯೇ ಊಟಕ್ಕೆ ಕೂಡುತ್ತಿದ್ದ. ನಿಮ್ಮ ನೋಟುಬುಕ್ಕಿನಲ್ಲಿ ನಾನು ಬರೆಯುತ್ತಿರುವ ಈ ಅಕ್ಷರಗಳಲ್ಲಿ ಅರ್ಧ ಆ ಶನಿವಾರಗಳವು.

ವೀರೇಶನನ್ನು ಒಮ್ಮೆ ಮತ್ತೆ ಕಂಡೆ. ನನ್ನ ಮದುವೆಯಾಗಿ ಸಿಂಧನೂರಿಗೆ ಬಂದು ಐದಾರು ವರ್ಷವಾಗಿತ್ತು, ಲಿಂಗಸೂಗೂರಿನಲ್ಲಿ ಒಂದು ಮದುವೆ. ತಲೆಗೂದಲು ಆಗಲೇ ಮುಂದೆ ಖಾಲಿಯಾಗಿತ್ತು. ಹೆಂಡತಿಯನ್ನು ಕರೆತಂದು, ನನ್ನ ಕೈ ಬಾತುಕೊಳ್ಳುವಂತೆ ಮಾಡಿದವರು ಇವರೇ ನೋಡು ಎಂದು ಪರಿಚಯ ಮಾಡಿಸಿದ. ಆಕೆ ಪಾಪ, ಏನು ತಿಳಿದುಕೊಂಡಳೋ. ನಾನು ಎಂದಿನಂತೆ ಅಡುಗೆಮನೆಗೆ ಓಡಿದೆ. ಆದರೆ ಅಲ್ಲಿ ನಿಂತು ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು.

ಇಷ್ಟು ಬರೆದು ಎರಡು ದಿನ ಹಾಗೇ ಬಿಟ್ಟಿದ್ದೆ. ಇವತ್ತು ಹುಸೇನಪ್ಪ ಬಂದಿದ್ದ. ಈಗ ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಭತ್ತದ ಸವಾಲು ಕೂಗುವ ಕೆಲಸ ಅವನದು, ಮಾತಿಗೆ ಕೊನೆಗೂ ಒಂದು ನೌಕರಿ ಸಿಕ್ಕಿದೆ. ನೀವಿಬ್ಬರೂ ಅವನ ಆಚೆ ಈಚೆ ಕೂತಿದ್ದಿರಿ. ನಾನು ಈ ಹಾಳೆಗಳನ್ನು ತಂದೆ. ಮೊಮ್ಮಗಳ ಕೈಗೆ ಕೊಟ್ಟು ಓದಿಸೋಣ ಎಂದುಕೊಂಡಿದ್ದವಳು, ಏನನ್ನಿಸಿತೋ, ನಾನೇ ಓದಲು ನಿಂತೆ. ಆ ಏಟಿನವರೆಗೆ ಬಂದಾಗ ಅವನು ಕೈ ಅಡ್ಡ ಮಾಡಿದ.

"ಏ, ಅಷ್ಟ್ ಜೋರ್ ಹೊಡದಿದ್ದಿಲ್ಲ ಬಿಡು ಅಕ್ಕಾ. ಹುಡುಗ್ರ ಮುಂದ ಏನಾರ ಬರೀತಿ."

"ಹೊಡದಿದ್ದೆ," ಎಂದೆ.

ನೀವಿಬ್ಬರೂ ತಲೆಯೆತ್ತಿ ನನ್ನನ್ನು ನೋಡಿದಿರಿ. ನಾನು ಒಳಗೆ ಹೋಗಲಿಲ್ಲ. ಹುಸೇನಪ್ಪ ಆ ಕಿವಿಯನ್ನೊಮ್ಮೆ ಸವರಿಕೊಂಡ.

"ಹೂಂ. ಹೊಡದಿದ್ದಿ," ಎಂದ. ಆಮೇಲೆ ಗೋಡೆಗೆ ಒರಗಿ ಕಾಲು ಚಾಚಿಕೊಂಡು, "ಮುಂದ ಓದು" ಎಂದ.

ನಾನು ಓದಿದೆ. ಬೀದಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ.